ಮದುಮಗಳು ಒಲ್ಲೆ ಎಂದಳು

ಗೋಪುರದ ಮೇಲೆ ಗುಡುಗು, ಮಿಂಚು. ಮೈತುಂಬ ಬ್ಯಾಂಡೇಜು ಸುತ್ತಿಸಿಕೊಂಡ ಹೆಣ್ಣೊಂದು ಮೇಜಿನ ಮೇಲೆ ಕಣ್ಣು ತೆರೆಯುತ್ತದೆ. ಸ್ವಲ್ಪ ಹೊತ್ತಿಗೆಲ್ಲ ಬಿಳಿ ನಿಲುವಂಗಿಯಲ್ಲಿ ನಿಂತಿದ್ದಾಳೆ. ನೆಟ್ಟಗೆ ನಿಮಿರಿದ ಕೂದಲು, ಅದರ ಎರಡೂ ಬದಿಗೆ ಮಿಂಚಿನಂಥ ಬಿಳಿ ಪಟ್ಟೆ. ಹಿನ್ನೆಲೆಯಲ್ಲಿ ಮದುವೆಯ ಗಂಟೆ. ವರ ಸಿದ್ಧನಾಗಿದ್ದಾನೆ. ಅವಳನ್ನು ಮಾತ್ರ ಯಾರೂ ಏನೂ ಕೇಳಿಲ್ಲ.

1935ರಲ್ಲಿ ಜೇಮ್ಸ್ ವೇಲ್ ನಿರ್ದೇಶಿಸಿದ ‘ಬ್ರೈಡ್ ಆಫ್ ಫ್ರಾಂಕೆನ್‌ಸ್ಟೈನ್’ ಚಿತ್ರದ ಕೊನೆಯ ಸನ್ನಿವೇಶ ಇದು. ಚಿತ್ರಕ್ಕೆ ಅವಳದೇ ಹೆಸರು. ಸುಮಾರು 75 ನಿಮಿಷಗಳಲ್ಲಿ ಅವಳು ಕಾಣಿಸುವುದು ಕೊನೆಯ ಕೆಲವೇ ನಿಮಿಷ. ಒಂದು ಮಾತೂ ಆಡುವುದಿಲ್ಲ. ಆರಂಭದ ಪಾತ್ರವರ್ಗದಲ್ಲಿ ಅವಳ ಮುಂದೆ ನಟಿಯ ಹೆಸರಿನ ಬದಲು ಬರೀ ಪ್ರಶ್ನಾರ್ಥಕ ಚಿಹ್ನೆ! 1931ರ ಮೊದಲ ಚಿತ್ರದಲ್ಲಿ ರಾಕ್ಷಸನ ಪಾತ್ರಧಾರಿ ಬೋರಿಸ್ ಕಾರ್ಲಾಫ್‌ಗೂ ಇದೇ ಮರ್ಯಾದೆ ಸಂದಿತ್ತೆನ್ನಿ. ಎರಡನೆಯದರ ಹೊತ್ತಿಗೆ ಅವನ ಹೆಸರು ದಪ್ಪಕ್ಷರಕ್ಕೇರಿತ್ತು.

ಆ ರಾಕ್ಷಸನ ಪಾಡೂ ಸುಖದ್ದಲ್ಲ. ಮುಖ ಕಂಡರೆ ಸಾಕು, ಊರವರು ದೀವಟಿಗೆ ಹಿಡಿದು ಬೆನ್ನಟ್ಟುತ್ತಾರೆ. ಅವನನ್ನು ಮನುಷ್ಯನೆಂದು ಬರಮಾಡಿಕೊಳ್ಳುವವನು ಕಾಡಿನ ಕುರುಡ ಸನ್ಯಾಸಿ ಒಬ್ಬನೇ. ರೊಟ್ಟಿ, ವೈನ್ ಕೊಡುತ್ತಾನೆ, ಪಿಟೀಲು ನುಡಿಸುತ್ತಾನೆ, ನಾಲ್ಕು ಮಾತು ಕಲಿಸುತ್ತಾನೆ. ಕಣ್ಣಿದ್ದ ಇಬ್ಬರು ದಾರಿಹೋಕರು ಒಳಗೆ ಬಂದದ್ದೇ ತಡ, ಗಲಾಟೆಯಲ್ಲಿ ಗುಡಿಸಲಿಗೆ ಬೆಂಕಿ ಬೀಳುತ್ತದೆ. ಆ ಒಂದು ದೃಶ್ಯಕ್ಕಾಗಿಯೇ ಈ ಚಿತ್ರ ನೋಡಬೇಕು.

ಇಷ್ಟು ನೊಂದವನೂ ಹೆಣ್ಣಿನ ವಿಷಯಕ್ಕೆ ಬಂದಾಗ ಊರಿನ ಗಂಡಸೇ. ತನಗೊಬ್ಬಳು ಸಂಗಾತಿ ಬೇಕು. ಮಾಡಿಕೊಡಿ ಎಂದು ಹಟ. ವಿಜ್ಞಾನಿ ಹಿಂದೇಟು ಹಾಕಿದಾಗ ಡಾಕ್ಟರ್ ಪ್ರಿಟೋರಿಯಸ್ ಇವನ ಕೈಯಿಂದಲೇ ಆತನ ಹೆಂಡತಿಯನ್ನು ಅಪಹರಿಸುತ್ತಾನೆ. ಒಬ್ಬಳನ್ನು ಒತ್ತೆಯಿಟ್ಟು ಇನ್ನೊಬ್ಬಳನ್ನು ಹುಟ್ಟಿಸುವ ವ್ಯವಹಾರ.

ಮೇರಿ ಶೆಲ್ಲಿ 1818ರಲ್ಲಿ ಪ್ರಕಟಿಸಿದ ಮೂಲ ಕಾದಂಬರಿಯಲ್ಲಿ ವಿಜ್ಞಾನಿ ಆ ಹೆಣ್ಣನ್ನು ಅರ್ಧಕ್ಕೇ ನಾಶಮಾಡುತ್ತಾನೆ. ಅವನ ಭಯಗಳಲ್ಲೊಂದು ಸ್ವಾರಸ್ಯದ್ದು: ತಾನು ಹುಟ್ಟುವ ಮೊದಲೇ ಇತರರು ಮಾಡಿಕೊಂಡ ಕರಾರನ್ನು ಅವಳು ಒಪ್ಪದೆ ಹೋದರೆ?

ಚಿತ್ರದಲ್ಲಿ ಆಗುವುದು ಅದೇ. ಅವನು ಕೈ ಸವರುತ್ತಾನೆ, ಅವಳು ಕಿರುಚುತ್ತಾಳೆ. ಆರಂಭದಲ್ಲಿ ಕಥೆ ಹೇಳುವ ಮೇರಿ ಶೆಲ್ಲಿಯಾಗಿಯೂ, ಕೊನೆಗೆ ಮದುಮಗಳಾಗಿಯೂ ನಟಿಸಿದವಳು ಒಬ್ಬಳೇ, ಎಲ್ಸಾ ಲ್ಯಾಂಚೆಸ್ಟರ್. ಆ ಬುಸುಗುಟ್ಟುವಿಕೆಯನ್ನು ಲಂಡನ್ನಿನ ರೀಜೆಂಟ್ಸ್ ಪಾರ್ಕಿನ ಸಿಟ್ಟಿನ ಹಂಸಗಳಿಂದ ಕಲಿತದ್ದಾಗಿ ಆಕೆ ಮುಂದೆ ಹೇಳಿಕೊಂಡಳು.

ರಾಕ್ಷಸ ವಿಜ್ಞಾನಿಯನ್ನೂ ಅವನ ಹೆಂಡತಿಯನ್ನೂ ಬದುಕಿಕೊಳ್ಳಿರೆಂದು ಕಳಿಸಿಬಿಡುತ್ತಾನೆ. ಮದುಮಗಳು ಹೊರಡುವ ಮಾತೇ ಇಲ್ಲ. ಕೆನ್ನೆಯ ಮೇಲೆ ಕಣ್ಣೀರು ಇಳಿಸಿಕೊಂಡು ಅವನು ಸನ್ನೆ ಎಳೆಯುವ ಮುನ್ನ ಅವಳು ಇನ್ನೊಮ್ಮೆ ಬುಸುಗುಟ್ಟುತ್ತಾಳೆ. ಗೋಪುರ ಕುಸಿಯುತ್ತದೆ.