ಮೊದಲು ಏಟು ಸಾಬೀತಾಗಲಿ, ಆಮೇಲೆ ಅಕ್ಕಿಗೆ ದುಡ್ಡು!

'ಅವಳು ಹೇಳಿದ್ದೆಲ್ಲ ನಿಜಾನಾ? ಮೊದಲು ಸಾಬೀತು ಮಾಡ್ಲಿ, ಆಮೇಲೆ ದುಡ್ಡಿನ ಮಾತು.'

ಕೌಟುಂಬಿಕ ದೌರ್ಜನ್ಯದ, ಅಂದರೆ ಡಿವಿ ಕೇಸಿನ ನೋಟಿಸು ಬಂದ ಮನೆಯಲ್ಲಿ ಈ ಮಾತು ಬಾರದೇ ಇರುವುದಿಲ್ಲ. ವಕೀಲರಿಗೆ ಫೋನು ಹೋಗುವ ಮುಂಚೆಯೇ ಸೋದರಮಾವ ಹೇಳಿರುತ್ತಾನೆ, ಎದುರುಮನೆಯ ನಿವೃತ್ತ ಹೆಡ್‌ಮಾಸ್ತರರು ತಲೆಯಾಡಿಸಿರುತ್ತಾರೆ. ತವರಿನವರೂ ಇದನ್ನೇ ನಂಬಿ ಕೂತಿರುತ್ತಾರೆ: 'ಕೇಸು ಮುಗಿಯೋವರೆಗೂ ಏನೂ ಬರಲ್ವಂತೆ, ಅಲ್ಲೀವರೆಗೆ ನಾವೇ ನೋಡ್ಕೋಬೇಕು.' ಇಡೀ ಪ್ರಕರಣದಲ್ಲಿ ಎರಡೂ ಕಡೆಯವರು ಜಗಳವಿಲ್ಲದೆ ಒಪ್ಪುವ ಸಂಗತಿ ಇದೊಂದೇ. ಅದೂ ತಪ್ಪು.

ಕೌಟುಂಬಿಕ ದೌರ್ಜನ್ಯದಿಂದ ಮಹಿಳೆಯರ ಸಂರಕ್ಷಣಾ ಕಾಯ್ದೆ 2005ರದ್ದು, ಜಾರಿಗೆ ಬಂದದ್ದು 2006ರ ಅಕ್ಟೋಬರ್ 26ರಂದು. ಇಷ್ಟು ವರ್ಷವಾದರೂ ಅದರ 23ನೇ ಕಲಮನ್ನು ಓದುವ ಶ್ರಮ ಯಾರೂ ತೆಗೆದುಕೊಂಡಂತಿಲ್ಲ. ಅದರಲ್ಲಿರುವುದು ಎರಡೇ ಉಪಕಲಮು. ಪ್ರಕರಣ ನಡೆಯುತ್ತಿರುವಾಗಲೇ ಮ್ಯಾಜಿಸ್ಟ್ರೇಟರು ತಮಗೆ ನ್ಯಾಯವೆನಿಸಿದ ಮಧ್ಯಂತರ ಆದೇಶ ಮಾಡಬಹುದು ಎನ್ನುತ್ತದೆ ಮೊದಲನೆಯದು. ಗಂಡ ದೌರ್ಜನ್ಯ ಎಸಗುತ್ತಿದ್ದಾನೆ, ಎಸಗಿದ್ದಾನೆ, ಅಥವಾ ಎಸಗುವ ಸಂಭವವಿದೆ ಎಂದು ಅರ್ಜಿಯಿಂದ ಮೇಲ್ನೋಟಕ್ಕೆ ಕಂಡರೆ ಸಾಕು, ಹೆಂಡತಿಯ ಪ್ರಮಾಣಪತ್ರದ ಆಧಾರದಲ್ಲೇ ಏಕಪಕ್ಷೀಯ ಆದೇಶವನ್ನೂ ಮಾಡಬಹುದು ಎನ್ನುತ್ತದೆ ಎರಡನೆಯದು. ಮೇಲ್ನೋಟಕ್ಕೆ ಅಂದರೆ ಮೇಲ್ನೋಟಕ್ಕೇ. ಸಾಕ್ಷಿ ಕಟಕಟೆ ಹತ್ತಿ, ಪಾಟೀಸವಾಲು ಮುಗಿದು, ವಾದ ಕೇಳಿ, ತೀರ್ಪಿಗೆ ಇಟ್ಟು ಆದಮೇಲೆ ಅಂತಲ್ಲ. ಅಷ್ಟೆಲ್ಲ ಆದಮೇಲೆ ಕೊಡುವುದಾದರೆ ಅದನ್ನು ಮಧ್ಯಂತರ ಎಂದು ಕರೆಯುವುದಾದರೂ ಏಕೆ?

ಅರ್ಜಿ ಬಂದ ಮೂರು ದಿನದೊಳಗೆ ಮೊದಲ ವಿಚಾರಣೆಯ ದಿನ ಗೊತ್ತುಮಾಡಬೇಕು, 60 ದಿನದಲ್ಲಿ ವಿಲೇವಾರಿಗೆ ಯತ್ನಿಸಬೇಕು ಎಂದು ಇದೇ ಕಾಯ್ದೆಯ 12ನೇ ಕಲಮು ಹೇಳುತ್ತದೆ. ಕೋರ್ಟಿನ ಮೆಟ್ಟಿಲು ಹತ್ತಿದವರು ಇದನ್ನು ಓದಿ ನಗುತ್ತಾರೆ. ಒಂದು ಡೇಟಿಗೆ ಗಂಡನ ವಕೀಲರು ಬೇರೆ ಕೋರ್ಟಿನಲ್ಲಿ, ಮತ್ತೊಂದು ಡೇಟಿಗೆ ಗಂಡನಿಗೆ ಜ್ವರ, ಮಗದೊಂದಕ್ಕೆ ಸಾಹೇಬರು ರಜೆ, ಆಮೇಲೆ ಬೇಸಿಗೆ ರಜೆ. ಜೂನ್ ಬಂದರೆ ಮಗುವಿನ ಶಾಲೆಯವರು ಫೀಸು ಕೇಳುತ್ತಾರೆ. ಮನೆಯ ಮಾಲೀಕ ಒಂದನೇ ತಾರೀಕಿಗೆ ಬಾಡಿಗೆ ಕೇಳುತ್ತಾನೆ. 'ಕೇಸು ಸಾಬೀತಾಗಲಿ, ಕೊಡ್ತೀನಿ' ಎಂದು ಆಕೆ ಅವರಿಗೆ ಹೇಳಲಾಗುವುದಿಲ್ಲ. ಈ ನಡುವಿನ ಕಾಲಕ್ಕೆಂದೇ 23ನೇ ಕಲಮನ್ನು ಬರೆದದ್ದು.

ಆದೇಶವಾದ ಮೇಲಾದರೂ ಈ ನಂಬಿಕೆ ಬಿಡುತ್ತದೆಯೇ ಎಂದರೆ, ಇಲ್ಲ. ಆಗ ಬೇರೆ ವೇಷ ಹಾಕಿ ಬರುತ್ತದೆ. 'ಜೀವನಾಂಶ ಕೊಡು ಅಂದ್ರೆ ನಾನು ಹೊಡೆದಿದ್ದೀನಿ ಅಂತ ಕೋರ್ಟೇ ಒಪ್ಪಿದಂಗಾಯ್ತಲ್ಲ!' ಎಂದು ಗಂಡ ಮಾನಕ್ಕೆ ಅಂಜಿ ಸೆಷನ್ಸ್ ಕೋರ್ಟಿಗೆ ಅಪೀಲು ಹೋಗುತ್ತಾನೆ. ಇಂಥ ಅಪೀಲಿನ ಕಡತ ಬಿಚ್ಚಿ ನೋಡಬೇಕು. ಮೊದಲ ಹತ್ತು ಪುಟ ತಾನು ಒಂದು ದಿನವೂ ಕೈ ಎತ್ತಿದವನಲ್ಲ ಎನ್ನುವುದಕ್ಕೆ. ಆಮೇಲಿನ ಐದು ಪುಟ ಅವಳು ಅತ್ತೆಗೆ ಎದುರುತ್ತರ ಕೊಡುತ್ತಿದ್ದಳು, ಸದಾ ಫೋನಿನಲ್ಲಿರುತ್ತಿದ್ದಳು, ಹಬ್ಬಕ್ಕೆ ತವರಿಗೆ ಹೋದವಳು ತಿಂಗಳುಗಟ್ಟಲೆ ಬರುತ್ತಿರಲಿಲ್ಲ ಎನ್ನುವುದಕ್ಕೆ. ಕೊನೆಗೆ ಲಗತ್ತುಗಳು: ತಿರುಪತಿಯಲ್ಲಿ ತೆಗೆಸಿಕೊಂಡ ಫೋಟೊ, ಹುಟ್ಟುಹಬ್ಬಕ್ಕೆ ಕೇಕು ತಿನ್ನಿಸುವ ಫೋಟೊ, ಊಟಿಯದೊಂದು. ಸಂಬಳದ ಚೀಟಿ ಮಾತ್ರ ಎಲ್ಲೂ ಇಲ್ಲ. ಬ್ಯಾಂಕ್ ಸ್ಟೇಟ್‌ಮೆಂಟೂ ಇಲ್ಲ. ಸೆಷನ್ಸ್ ನ್ಯಾಯಾಧೀಶರು ಮೊದಲು ಕೇಳುವುದೇ ಅದನ್ನು! ಯಾರು ಯಾರಿಗೆ ಹೊಡೆದರು ಎನ್ನುವುದು ವಿಚಾರಣೆಯಲ್ಲಿ ತೀರ್ಮಾನವಾಗುವ ಮಾತು. ಮಧ್ಯಂತರ ಹಂತದಲ್ಲಿ ನೋಡುವುದು ಬೇರೆ: ಇಬ್ಬರೂ ಒಂದೇ ಸೂರಿನಡಿ ಬಾಳಿದವರೇ, ಅರ್ಜಿಯಲ್ಲಿ ಹೇಳಿದ್ದು ಮೇಲ್ನೋಟಕ್ಕೆ ದೌರ್ಜನ್ಯವೇ, ಅವಳ ಕೈಯಲ್ಲಿ ಏನಿದೆ, ಅವನ ಕೈಯಲ್ಲಿ ಎಷ್ಟಿದೆ. ಆ ಆದೇಶ ಗಂಡನಿಗೆ ಕೊಡುವ ನಡತೆಯ ಸರ್ಟಿಫಿಕೇಟೂ ಅಲ್ಲ, ಹೆಂಡತಿಗೆ ಸಿಕ್ಕ ಜಯಪತ್ರವೂ ಅಲ್ಲ.

ಇನ್ನು ಅವನ ಕೈಯಲ್ಲಿ ಎಷ್ಟಿದೆ ಎಂಬ ಪ್ರಶ್ನೆ. ಡಿವಿ ಕೇಸು ಬಿದ್ದ ಕ್ಷಣದಿಂದ ಗಂಡಸರು ಎಷ್ಟು ಬೇಗ ಬಡವರಾಗುತ್ತಾರೆಂದರೆ ಅರ್ಥಶಾಸ್ತ್ರಜ್ಞರು ಬಂದು ಅಧ್ಯಯನ ಮಾಡಬೇಕು. ಮನೆ ಅಪ್ಪನ ಹೆಸರಲ್ಲಿ, ಕಾರು ತಮ್ಮನ ಹೆಸರಲ್ಲಿ, ಸಾಲ ಮಾತ್ರ ನನ್ನ ಹೆಸರಲ್ಲಿ. ನೋಟಿಸು ಬಂದ ವಾರವೇ ಕಂಪನಿಗೆ ರಾಜೀನಾಮೆ. ಹಳ್ಳಿಯವನಾದರೆ 'ನಾನು ಬೇಸಾಯಗಾರ, ಮಳೆಯಿಲ್ಲ, ಆದಾಯವಿಲ್ಲ.' ಇದಕ್ಕೆ ಸುಪ್ರೀಂ ಕೋರ್ಟು 2020ರ ನವೆಂಬರ್ 4ರಂದು ಮದ್ದು ಅರೆದಿದೆ. ಕೋರ್ಟಿನ ಪಡಸಾಲೆಯಲ್ಲಿ 'ರಜನೇಶ್ ವರ್ಸಸ್ ನೇಹಾ' ಎಂದರೆ ಸಾಕು, ಯಾವ ಜೂನಿಯರ್ ವಕೀಲರಾದರೂ ಹೇಳುತ್ತಾರೆ. ಜೀವನಾಂಶದ ಪ್ರಕರಣದಲ್ಲಿ ಗಂಡ, ಹೆಂಡತಿ ಇಬ್ಬರೂ ಆಸ್ತಿ ಮತ್ತು ಸಾಲದ ವಿವರದ ಪ್ರಮಾಣಪತ್ರ ಹಾಕಬೇಕು. ನಮೂನೆಯನ್ನು ತೀರ್ಪಿಗೇ ಲಗತ್ತಿಸಿದ್ದಾರೆ. ಬೇಸಾಯಗಾರರಿಗೆ ಬೇರೆಯೇ ನಮೂನೆ ಇದೆ. ಜಮೀನು ತರಿಯೋ ಖುಷ್ಕಿಯೋ, ಆ ವರ್ಷ ಏನು ಬೆಳೆದಿರಿ, ಕಳೆದ ಮೂರು ವರ್ಷದ ಆದಾಯವೆಷ್ಟು, ಎಮ್ಮೆ ಎಷ್ಟು, ಹಸು ಎಷ್ಟು, ಮೇಕೆ, ಕೋಳಿ, ಜೇನು ಸಾಕಣೆ ಉಂಟೇ ಎಂದೆಲ್ಲ ಕೇಳುತ್ತದೆ. 'ಮಳೆಯಿಲ್ಲ' ಎಂಬ ಎರಡು ಪದದಲ್ಲಿ ಅದನ್ನು ತುಂಬಲಾಗುವುದಿಲ್ಲ. ಎದುರುದಾರ ಹೆಚ್ಚೆಂದರೆ ನಾಲ್ಕು ವಾರದಲ್ಲಿ ಇದನ್ನು ಸಲ್ಲಿಸಬೇಕು, ಮಧ್ಯಂತರ ಅರ್ಜಿ ನಾಲ್ಕರಿಂದ ಆರು ತಿಂಗಳೊಳಗೆ ತೀರ್ಮಾನವಾಗಬೇಕು ಎಂದೂ ಆ ತೀರ್ಪು ಹೇಳಿತು. ಹೆಂಡತಿಯೂ ತನ್ನ ಕೆಲಸ, ಸಂಬಳ ಮುಚ್ಚಿಡುವಂತಿಲ್ಲ. ಮುಚ್ಚಿಟ್ಟದ್ದು ಹೊರಬಿದ್ದರೆ ನಿಜವಾದ ಕಷ್ಟವನ್ನು ಹೇಳಿಕೊಂಡಾಗಲೂ ಕೋರ್ಟು ಅನುಮಾನದಿಂದಲೇ ನೋಡುತ್ತದೆ.

ಹೊಡೆತವೊಂದೇ ದೌರ್ಜನ್ಯ ಎಂದು ತಿಳಿದವರು 3ನೇ ಕಲಮನ್ನು ಒಮ್ಮೆ ಓದಿಕೊಳ್ಳಲಿ. ದೈಹಿಕ, ಲೈಂಗಿಕ, ಮಾತಿನ ಮತ್ತು ಭಾವನಾತ್ಮಕ ಹಿಂಸೆಯ ಜೊತೆಗೆ ಆರ್ಥಿಕ ದೌರ್ಜನ್ಯವನ್ನೂ ಅಲ್ಲಿ ಬಿಡಿಸಿ ಬರೆದಿದ್ದಾರೆ. ಮನೆಖರ್ಚಿಗೆ ಕೊಡದಿರುವುದು, ಅವಳ ಸ್ತ್ರೀಧನ ಮಾರುವುದು, ಬಾಡಿಗೆ ಕಟ್ಟದೆ ಕೈಬಿಡುವುದು ಎಲ್ಲ ಅದರಲ್ಲಿ ಬರುತ್ತದೆ. ಆದ್ದರಿಂದ 'ಹೊಡೆದಿಲ್ಲ ಸ್ವಾಮಿ, ಎರಡು ವರ್ಷದಿಂದ ದುಡ್ಡು ಕಳಿಸಿಲ್ಲ ಅಷ್ಟೇ' ಎಂದು ತಕರಾರಿನಲ್ಲಿ ಬರೆದುಕೊಡುವ ಗಂಡ ತನ್ನ ವಿರುದ್ಧದ ಅರ್ಧ ಕೇಸನ್ನು ತಾನೇ ಬರೆದುಕೊಟ್ಟಂತೆ. ಹಾಗೆ ಬರೆದುಕೊಡುವ ಮಹನೀಯರು ಕಡಿಮೆಯೇನಿಲ್ಲ.

ಅಪೀಲು ಹಾಕಿದರೆ ಕೆಳಗಿನ ಆದೇಶ ತಾನಾಗಿಯೇ ಮಲಗಿಬಿಡುತ್ತದೆ ಎಂಬುದು 'ಮೊದಲು ಸಾಬೀತಾಗಲಿ' ಎನ್ನುವುದರದೇ ದಾಯಾದಿ ನಂಬಿಕೆ. ಹಾಗೇನೂ ಇಲ್ಲ. 29ನೇ ಕಲಮು ಅಪೀಲಿಗೆ ದಾರಿ ಕೊಡುತ್ತದೆ, ತಡೆಯಾಜ್ಞೆಯ ಸೊಲ್ಲೇ ಅಲ್ಲಿಲ್ಲ. ದೆಹಲಿಯ ಒಂದು ಪ್ರಕರಣ 2014ರಲ್ಲಿ ಸುಪ್ರೀಂ ಕೋರ್ಟಿಗೆ ಹೋದಾಗ, ಅಪೀಲು ಬಾಕಿಯಿರುವಾಗ ಆದೇಶವನ್ನು ತಡೆಹಿಡಿಯುವ ಅಧಿಕಾರ ಸೆಷನ್ಸ್ ಕೋರ್ಟಿಗೆ ಇದೆಯೇ ಎಂಬುದೇ ಪರಿಶೀಲಿಸಬೇಕಾದ ಪ್ರಶ್ನೆ ಎಂದು ಪೀಠ ಹೇಳಿತ್ತು. ರೂಢಿಯಲ್ಲಿ ತಡೆಯಾಜ್ಞೆ ಸಿಕ್ಕರೂ ಬಾಕಿಯ ಒಂದು ಪಾಲು ಠೇವಣಿ ಇಡು ಎಂಬ ಷರತ್ತು ಅದರ ಬೆನ್ನಿಗೇ ಬರುತ್ತದೆ. ಸ್ಟೇ ಕೈಯಲ್ಲಿಲ್ಲದೆ 'ಅಪೀಲು ಹಾಕಿದ್ದೀನಲ್ಲ' ಎಂದು ಸುಮ್ಮನಿದ್ದವನ ಬಾಕಿ ತಿಂಗಳು ತಿಂಗಳು ಬೆಳೆಯುತ್ತಲೇ ಇರುತ್ತದೆ. ಕಟ್ಟದಿದ್ದರೆ ವಸೂಲಿ ವಾರಂಟು. ಸಂಬಳ ಕೊಡುವವರಿಗೇ ಆದೇಶ ಕಳಿಸಿ ಹಣ ನೇರವಾಗಿ ಅವಳಿಗೆ ಹೋಗುವಂತೆ ಮಾಡಲು 20ನೇ ಕಲಮಿನಲ್ಲಿ ಅವಕಾಶವಿದೆ.

ಬೆಂಗಳೂರಿನ ಒಂದು ಪ್ರಕರಣವನ್ನು ಇಲ್ಲಿ ಹೇಳಲೇಬೇಕು. 2015ರಲ್ಲಿ ಮ್ಯಾಜಿಸ್ಟ್ರೇಟರು ಪತ್ನಿಗೆ ತಿಂಗಳಿಗೆ 12,000 ರೂಪಾಯಿ ಜೀವನಾಂಶ, ಒಂದು ಲಕ್ಷ ಪರಿಹಾರ ಕೊಡಿಸಿದರು. ವರ್ಷಗಳ ನಂತರ ಗಂಡ ಆ ಆದೇಶವನ್ನೇ ರದ್ದು ಮಾಡಿ, ಕೊಟ್ಟ ಹಣವನ್ನೂ ವಾಪಸು ಕೊಡಿಸಿ ಎಂದು ಕೇಳಿದ. 2024ರ ಸೆಪ್ಟೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರಿದ್ದ ಪೀಠ ಒಪ್ಪಲಿಲ್ಲ. ಆದೇಶವಾದ ಮೇಲೆ ಪರಿಸ್ಥಿತಿ ಬದಲಾಗಿದ್ದರೆ ಮಾತ್ರ 25ನೇ ಕಲಮಿನಡಿ ಮಾರ್ಪಾಡು ಕೇಳಬಹುದು, ಅದೂ ಮುಂದಕ್ಕೆ ಅನ್ವಯವಾಗುವಂತೆ. ಹಿಂದೆ ಕೊಟ್ಟದ್ದನ್ನು ಕೆದಕುವಂತಿಲ್ಲ.

ಉಳಿದ ನಂಬಿಕೆಗಳಿಗೆ ಇಷ್ಟು ಜಾಗ ಬೇಡ. ಡಿಗ್ರಿ ಇದ್ದ ಮಾತ್ರಕ್ಕೆ ಜೀವನಾಂಶ ತಪ್ಪುವುದಿಲ್ಲ. ದುಡಿಯಬಲ್ಲವಳು ಬೇರೆ, ದುಡಿಯುತ್ತಿರುವವಳು ಬೇರೆ ಎಂದು ಸುಪ್ರೀಂ ಕೋರ್ಟು 2017ರಲ್ಲೇ ಹೇಳಿದೆ. ಸಣ್ಣ ಸಂಬಳವಿದ್ದರೂ ಅರ್ಜಿ ವಜಾ ಆಗುವುದಿಲ್ಲ, ಮೊತ್ತ ಕಡಿಮೆಯಾಗಬಹುದು. ಸಂಬಳದ ಕಾಲು ಭಾಗ ಎಂಬ ಲೆಕ್ಕ ಒಂದು ಪ್ರಕರಣದಲ್ಲಿ ಆಡಿದ ಮಾತು, ಕಾನೂನಲ್ಲ. 'ಬಾ ಎಂದರೂ ಬರಲಿಲ್ಲ' ಎಂದು ದಾಂಪತ್ಯ ಪುನಃಸ್ಥಾಪನೆಯ ಡಿಕ್ರಿ ತಂದರೂ ಅದೊಂದರಿಂದಲೇ ಜೀವನಾಂಶ ನಿಲ್ಲುವುದಿಲ್ಲ ಎಂದು 2025ರ ಜನವರಿಯಲ್ಲಿ ತೀರ್ಪಾಗಿದೆ. ಎಫ್‌ಐಆರ್ ಬೇಕಿಲ್ಲ, ಗಂಡ ಇಲ್ಲಿ ಆರೋಪಿಯಲ್ಲ, ಎದುರುದಾರ ಅಷ್ಟೇ. ಎರಡು ಕೋರ್ಟಿನಲ್ಲಿ ಜೀವನಾಂಶ ಕೇಳಬಹುದು, ಆದರೆ ಒಂದರಲ್ಲಿ ಸಿಕ್ಕಿದ್ದನ್ನು ಇನ್ನೊಂದರಲ್ಲಿ ಹೇಳಲೇಬೇಕು, ಅಲ್ಲಿಂದ ಕಳೆಯುತ್ತಾರೆ. ಹಣ ಲೆಕ್ಕಕ್ಕೆ ಬರುವುದು ಆದೇಶದ ದಿನದಿಂದಲ್ಲ, ಅರ್ಜಿ ಹಾಕಿದ ದಿನದಿಂದ. 'ಒಂದು ತಿಂಗಳು ಒಳಗೆ ಹೋಗಿ ಬಂದರೆ ಬಾಕಿ ಚುಕ್ತಾ' ಎನ್ನುವ ಧೀರರಿಗೆ: ಜೈಲಿಗೆ ಹೋದರೂ ಬಾಕಿ ಬಾಕಿಯೇ, ಇದು 1988ರಿಂದ ಇರುವ ಕಾನೂನು.

ಇಷ್ಟಾದರೂ ಈ ನಂಬಿಕೆಗಳು ಸಾಯುವುದಿಲ್ಲ, ಏಕೆಂದರೆ ಅವುಗಳಿಗೆ ವಾಟ್ಸ್ಆ್ಯಪ್ ಇದೆ. 'ಸುಪ್ರೀಂ ಕೋರ್ಟ್ ಮಹತ್ವದ ತೀರ್ಪು: ದುಡಿಯುವ ಹೆಂಡತಿಗೆ ಜೀವನಾಂಶವಿಲ್ಲ, ತಪ್ಪದೇ ಎಲ್ಲರಿಗೂ ಕಳಿಸಿ.' ಯಾವ ಪ್ರಕರಣ, ಆ ಹೆಂಡತಿಗೆ ಸಂಬಳ ಎಷ್ಟು, ಗಂಡನಿಗೆ ಎಷ್ಟು, ಮಗು ಯಾರ ಬಳಿ ಇದೆ, ಒಂದೂ ಇರುವುದಿಲ್ಲ. ಎರಡು ಎಕರೆ ಕೊಳ್ಳುವಾಗ ಪಹಣಿ, ಮ್ಯುಟೇಶನ್, ಋಣಭಾರ ಪತ್ರ ಎಲ್ಲ ತೆಗೆಸಿ ಇಬ್ಬರು ವಕೀಲರಿಗೆ ತೋರಿಸುವ ಮನುಷ್ಯ, ಕಾನೂನಿನ ವಿಷಯಕ್ಕೆ ಬಂದರೆ ಹಸ್ತಾಕ್ಷರವಿಲ್ಲದ ನಾಲ್ಕು ಸಾಲನ್ನು ವೇದವಾಕ್ಯವೆಂದು ನಂಬುತ್ತಾನೆ. 'ಡಿವಿ ಕೇಸೆಲ್ಲ ಸುಳ್ಳು' ಎನ್ನುವುದೂ ಅದೇ ಕಾರ್ಖಾನೆಯ ಮಾಲು. ಸುಳ್ಳು ಕೇಸು ಇಲ್ಲವೇ ಇಲ್ಲ ಎನ್ನಲು ನಾನು ಹೊರಟಿಲ್ಲ. ಆದರೆ 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಕರ್ನಾಟಕದ ವಿವಾಹಿತೆಯರಲ್ಲಿ ಶೇ 44ರಷ್ಟು ಮಂದಿ ಗಂಡನಿಂದ ಹಿಂಸೆ ಅನುಭವಿಸಿದ್ದಾಗಿ ಹೇಳಿದರು. ಅವರಲ್ಲಿ ಕೋರ್ಟಿನ ಬಾಗಿಲು ತಟ್ಟಿದವರು ಎಷ್ಟು ಎಂದು ಕೇಳುವ ಫಾರ್ವರ್ಡು ಇನ್ನೂ ನನ್ನ ಫೋನಿಗೆ ಬಂದಿಲ್ಲ.

ಈ ನಂಬಿಕೆಗಳಿಂದ ನಷ್ಟವಾಗುವುದು ಬಹುಪಾಲು ಹೆಂಡತಿಗೇ. ಮಧ್ಯಂತರ ಅರ್ಜಿ ವಜಾ ಆದರೆ, ಅಥವಾ ಇಬ್ಬರು ಮಕ್ಕಳಿಟ್ಟುಕೊಂಡವಳಿಗೆ ತಿಂಗಳಿಗೆ ಎರಡು ಸಾವಿರ ಎಂದು ಆದೇಶವಾದರೆ, 'ಕೋರ್ಟೇ ಹೇಳಿದ ಮೇಲೆ ಇನ್ನೇನು' ಎಂದು ಸುಮ್ಮನಾಗಿಬಿಡುತ್ತಾಳೆ. ಅಪೀಲು ಗಂಡನ ಸೊತ್ತು ಎಂಬ ಭಾವನೆ. 29ನೇ ಕಲಮು ಇಬ್ಬರಿಗೂ ಒಂದೇ. ಸೆಷನ್ಸ್ ಕೋರ್ಟು ಮೊತ್ತ ಹೆಚ್ಚಿಸಬಹುದು, ವಜಾ ಆದದ್ದನ್ನು ಮತ್ತೆ ಪರಿಶೀಲಿಸಿ ಎಂದು ಕೆಳಗೆ ಕಳಿಸಬಹುದು. ಅಪೀಲಿನಲ್ಲಿ ಗೋಳಿಗಿಂತ ಕಾಗದ ಹೆಚ್ಚು ಕೆಲಸ ಮಾಡುತ್ತದೆ: ಮನೆ ಬಾಡಿಗೆಯ ಕರಾರು, ಶಾಲೆ ಫೀಸಿನ ರಸೀದಿ, ಔಷಧಿ ಅಂಗಡಿಯ ಬಿಲ್ಲು, ಗಂಡ ಪ್ರಮಾಣಪತ್ರವನ್ನೇ ಹಾಕಿಲ್ಲವೆಂದು ತೋರಿಸುವ ಆರ್ಡರ್ ಶೀಟಿನ ನಕಲು.

ಅಪೀಲಿಗೆ ಅವಧಿ 30 ದಿನ, ಆದೇಶ ಜಾರಿಯಾದ ದಿನದಿಂದ. ವಕೀಲರ ಫೀಸಿಗೆ ಅಂಜಬೇಡಿ. ಹೆಣ್ಣುಮಕ್ಕಳಿಗೆ ಆದಾಯ ಎಷ್ಟೇ ಇರಲಿ, ಕಾನೂನು ನೆರವು ಉಚಿತ. ತಾಲ್ಲೂಕು ಕೋರ್ಟಿನಲ್ಲಿರುವ ಕಾನೂನು ಸೇವಾ ಸಮಿತಿಗೆ ಹೋಗಿ, ಆಗದಿದ್ದರೆ 15100ಕ್ಕೆ ಕರೆ ಮಾಡಿ. ಈ ಕಾಯ್ದೆಯಡಿ ನೆರವಾಗುವ ಸಂರಕ್ಷಣಾಧಿಕಾರಿ ಬೇಕೆಂದರೆ ನಿಮ್ಮ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿ (ಸಿಡಿಪಿಒ) ಕಚೇರಿಯಲ್ಲಿ ವಿಚಾರಿಸಿ. ಹೋಗುವಾಗ ಆದೇಶದ ದೃಢೀಕೃತ ನಕಲು ಜೊತೆಯಲ್ಲಿರಲಿ.