ಪೈಲ್ವಾನ ಕಾರುಗಳ ಲಿಲಾವು

ಹರ್ತಿಯಿಂದ ಹೆಸರುಕಾಳಿನ ಚೀಲಗಳನ್ನು ಹೇರಿಕೊಂಡು ಗದಗದ ಮಾರುಕಟ್ಟೆಗೆ ಬರುವ ರೈತನಿಗೆ ಲಿಲಾವು ಹೊಸದೇನಲ್ಲ. ಖರೀದಿದಾರನು ಚೀಲದೊಳಗೆ ಕೈಯಿಳಿಸಿ, ಹಿಡಿ ಕಾಳನ್ನೆತ್ತಿ, ಅಂಗೈಯಲ್ಲಿ ಹರಡಿ, ತೇವವೆಷ್ಟು, ಕಲ್ಲೆಷ್ಟು, ಹುಳುವೆಷ್ಟು ಎಂದು ನೋಡಿದ ಮೇಲೆಯೇ ದರ ಹೇಳುತ್ತಾನೆ. ಜಾತ್ರೆಯಲ್ಲಿ ಎತ್ತು ಕೊಳ್ಳುವವನು ಬಾಯಿ ಬಿಡಿಸಿ ಹಲ್ಲೆಣಿಸುತ್ತಾನೆ, ಸುಳಿ ನೋಡುತ್ತಾನೆ, ನಾಲ್ಕು ಹೆಜ್ಜೆ ನಡೆಸುತ್ತಾನೆ. ಬೆಲೆಯ ಮಾತನ್ನು ಮಾತ್ರ ಟವೆಲಿನ ಮರೆಯಲ್ಲಿ ಬೆರಳು ಹಿಡಿದು ಮುಗಿಸುತ್ತಾನೆ. ಅಮೆರಿಕದಲ್ಲಿ ಹಳೆಯ ಮೋಟಾರು ಕಾರುಗಳನ್ನು ಮಾರುವ ಹರಾಜುಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಅಲ್ಲಿ ಬೆಲೆಯನ್ನು ಝಗಝಗಿಸುವ ದೀಪಗಳ ಕೆಳಗೆ, ಟೆಲಿವಿಷನ್ನಿನ ಕಣ್ಣೆದುರಿಗೆ ಕೂಗುತ್ತಾರೆ. ಮಾಲಿನ ಗುಟ್ಟು ಹೊಸ ಬಣ್ಣದ ಅಡಿಯಲ್ಲಿ ಮುಚ್ಚಿಕೊಂಡಿರುತ್ತದೆ.

ಇಂತಹ ಹರಾಜುಗಳಲ್ಲಿ ಹೆಚ್ಚು ಸದ್ದು ಮಾಡುವವು 'ಮಸಲ್ ಕಾರು'ಗಳು. ಮಸಲ್ ಎಂದರೆ ಮಾಂಸಖಂಡ. ಗರಡಿಮನೆಯ ಭಾಷೆಯಲ್ಲಿ ಇವನ್ನು ಪೈಲ್ವಾನ ಕಾರುಗಳೆಂದು ಕರೆದರೆ ತಪ್ಪಾಗದು. ಸಂಸಾರವಂದಿಗರು ಓಡಾಡುವ ಮಧ್ಯಮ ಗಾತ್ರದ ಕಾರಿನೊಳಗೆ ದೊಡ್ಡ ಕಾರಿನ ಭಾರಿ ಎಂಜಿನ್ನನ್ನು ಕೂರಿಸುವುದು, ಇಷ್ಟೇ ಅವುಗಳ ರಹಸ್ಯ. ಜನರಲ್ ಮೋಟಾರ್ಸ್ ಸಂಸ್ಥೆಯ ಪಾಂಟಿಯಾಕ್ ವಿಭಾಗವು 1964ರ ಮಾದರಿಯಾಗಿ ಟೆಂಪೆಸ್ಟ್ ಎಂಬ ಸಾಧಾರಣ ಕಾರಿಗೆ 389 ಘನ ಅಂಗುಲದ, ಎಂಟು ಸಿಲಿಂಡರುಗಳ ಎಂಜಿನ್ನನ್ನು ಅಳವಡಿಸಿ 'ಜಿ.ಟಿ.ಓ.' ಎಂದು ಮಾರಿದ್ದೇ ಈ ಪರಂಪರೆಯ ಮೊದಲೆಂದು ಸಾಮಾನ್ಯವಾಗಿ ಎಣಿಸುತ್ತಾರೆ. ಫೋರ್ಡ್, ಕ್ರೈಸ್ಲರ್ ಸಂಸ್ಥೆಗಳೂ ಹಿಂದೆ ಬೀಳಲಿಲ್ಲ. ಕ್ರೈಸ್ಲರಿನ 'ಹೆಮಿ' ಎಂಜಿನ್ನಿನ ಗಾತ್ರ 426 ಘನ ಅಂಗುಲ, ಎಂದರೆ ಸುಮಾರು ಏಳು ಲೀಟರು, ಅಶ್ವಶಕ್ತಿ 425. ದಶಕಗಳ ಕಾಲ ಭಾರತದ ರಸ್ತೆಗಳನ್ನಾಳಿದ ಅಂಬಾಸಿಡರಿನ ಎಂಜಿನ್ನು 1489 ಸಿ.ಸಿ. ಮಾತ್ರದ್ದೆಂದು ನೆನೆದರೆ ಈ ಪೈಲ್ವಾನನ ಎದೆಯಳತೆ ಮನಸ್ಸಿಗೆ ಬಂದೀತು.

ಆದರೆ ಇವುಗಳ ವೈಭವ ಹತ್ತು ವರ್ಷವೂ ಬಾಳಲಿಲ್ಲ. ವಿಮೆಯ ಕಂತು ಏರಿತು. 1970ರಲ್ಲಿ ವಾಯುಶುದ್ಧಿಯ ಬಿಗಿಯಾದ ಕಾನೂನು ಬಂದಿತು. 1973ರಲ್ಲಿ ಅರಬ್ ರಾಷ್ಟ್ರಗಳು ತೈಲವನ್ನು ತಡೆಹಿಡಿದವು. ಗ್ಯಾಲನ್ನುಗಟ್ಟಲೆ ಪೆಟ್ರೋಲು ಕುಡಿಯುವ ಕಾರನ್ನು ಕೇಳುವವರಿಲ್ಲದೆ, ಅವು ಹಳೆಯ ಕಾರಿನ ಅಂಗಡಿಗಳಲ್ಲಿ ಧೂಳು ತಿಂದವು. ಎಷ್ಟೋ ಗುಜರಿಗೆ ಹೋದವು. ಹಾಗೆ ಹೋದದ್ದರಿಂದಲೇ ಉಳಿದವುಗಳಿಗೆ ಬೆಲೆ ಬಂದಿತೆಂಬುದು ಬೇರೆ ಮಾತು.

ಬೆಲೆಯಾದರೂ ಎಂತಹದು! ಕ್ರೈಸ್ಲರಿನವರ ಪ್ಲಿಮತ್ 'ಕೂಡಾ' ಎಂಬ ಕಾರಿನಲ್ಲಿ, ಹೆಮಿ ಎಂಜಿನ್ನೂ ಮಡಿಚುವ ಮೇಲ್ಛಾವಣಿಯೂ ಕೂಡಿದ 1971ರ ಮಾದರಿಯವು ಕೇವಲ 11 ತಯಾರಾದವೆಂದು ಸಂಗ್ರಾಹಕರ ಲೆಕ್ಕ. ಹೊಸದಾಗಿದ್ದಾಗ ಕೆಲವೇ ಸಾವಿರ ಡಾಲರು ಬೆಲೆಯ ಈ ಕಾರುಗಳಲ್ಲೊಂದು 2014ರ ಜೂನ್ ತಿಂಗಳಲ್ಲಿ ಸಿಯಾಟಲ್ ನಗರದ ಮೀಕಮ್ ಹರಾಜಿನಲ್ಲಿ 35 ಲಕ್ಷ ಡಾಲರಿಗೆ ಹೋಯಿತು. ಅಂದಿನ ವಿನಿಮಯ ದರದಲ್ಲಿ ಅದು ಸುಮಾರು 21 ಕೋಟಿ ರೂಪಾಯಿ.

ಇದಕ್ಕಿಂತಲೂ ಸ್ವಾರಸ್ಯವಾದದ್ದು 'ಬುಲಿಟ್' ಚಿತ್ರದ ಮಸ್ಟಾಂಗ್ ಕಾರಿನ ವೃತ್ತಾಂತ. 1968ರಲ್ಲಿ ತೆರೆಕಂಡ ಆ ಚಿತ್ರದಲ್ಲಿ ನಟ ಸ್ಟೀವ್ ಮೆಕ್ವೀನ್ ಸ್ಯಾನ್ ಫ್ರಾನ್ಸಿಸ್ಕೋದ ಏರಿಳಿತದ ಬೀದಿಗಳಲ್ಲಿ ಹಸಿರು ಬಣ್ಣದ ಫೋರ್ಡ್ ಮಸ್ಟಾಂಗನ್ನು ಹಾರಿಸಿಕೊಂಡು ಹೋದದ್ದು ಪ್ರಸಿದ್ಧ. ಆ ಕಾರನ್ನು 1974ರಲ್ಲಿ ಒಂದು ಸಾಮಾನ್ಯ ಕುಟುಂಬವು ಸುಮಾರು 6,000 ಡಾಲರಿಗೆ ಕೊಂಡಿತು. ಮನೆಯೊಡತಿ ಅದರಲ್ಲಿಯೇ ಶಾಲೆಗೆ ಪಾಠ ಹೇಳಲು ಹೋಗಿಬರುತ್ತಿದ್ದಳಂತೆ! 1977ರಲ್ಲಿ ಸ್ವತಃ ಮೆಕ್ವೀನ್ ಕಾಗದ ಬರೆದು, ಕಾರನ್ನು ತನಗೆ ಕೊಡಬೇಕೆಂದು ಕೇಳಿದರೂ ಮನೆಯವರು ಒಪ್ಪಲಿಲ್ಲ. ವರ್ಷಗಟ್ಟಲೆ ಅದು ಶೆಡ್ಡಿನಲ್ಲಿಯೇ ಮರೆಯಾಗಿದ್ದು, 2020ರ ಜನವರಿಯಲ್ಲಿ ಫ್ಲಾರಿಡಾ ರಾಜ್ಯದ ಕಿಸಿಮಿಯಲ್ಲಿ ಹರಾಜಿಗೆ ಬಂದಾಗ ಸುತ್ತಿಗೆ ಬಿದ್ದದ್ದು 34 ಲಕ್ಷ ಡಾಲರಿಗೆ. ಕಮಿಷನ್ ಸೇರಿ 37.4 ಲಕ್ಷ. ಕಾರಿನ ಬಣ್ಣ ಮಾಸಿತ್ತು, ತಗಡಿನಲ್ಲಿ ತಗ್ಗುಗಳಿದ್ದವು. ಅದಕ್ಕೆ ಹೊಸ ಬಣ್ಣ ಹೊಡೆಸಿದ್ದರೆ ಬೆಲೆ ಖಂಡಿತವಾಗಿ ಇಳಿಯುತ್ತಿತ್ತು. ಏಕೆಂದರೆ ಅಲ್ಲಿ ಕೊಳ್ಳುವವನು ಹಣ ತೆತ್ತದ್ದು 'ಇದೇ ಆ ಕಾರು' ಎಂಬ ಒಂದು ಮಾತಿಗೆ.

ಎಲ್ಲ ಅಪಾಯವೂ ಆ ಮಾತಿನಲ್ಲಿಯೇ ಅಡಗಿದೆ. ಪಾಂಟಿಯಾಕ್ ಜಿ.ಟಿ.ಓ.ವನ್ನೇ ನೋಡಬಹುದು. 1964 ಮತ್ತು 1965ರ ಮಾದರಿಗಳ ಚಾಸಿ ಸಂಖ್ಯೆಯಲ್ಲಿ ಅದು ಜಿ.ಟಿ.ಓ. ಎಂಬುದಕ್ಕೆ ಯಾವ ಗುರುತೂ ಇಲ್ಲ. ಅಗ್ಗದ ಲೆ ಮಾನ್ಸ್ ಕಾರಿನ ಸಂಖ್ಯೆಯೂ ಅದೇ ಧಾಟಿಯದು. 1966ರಿಂದೀಚೆಗಷ್ಟೇ ಸಂಖ್ಯೆಯ ಆರಂಭದಲ್ಲಿ 242 ಎಂಬ ಗುರುತು ಬಂದಿತು. 1970ರ ಶೆವರ್ಲೆ ಶೆವೆಲ್ 'ಎಸ್.ಎಸ್.' ಕಾರಿನದೂ ಇದೇ ಪಾಡು. ಹೀಗಿರುವಾಗ ಚತುರನಾದ ಮೆಕ್ಯಾನಿಕನು ಸಾಧಾರಣ ಕಾರೊಂದನ್ನು ತಂದು, ದೊಡ್ಡ ಎಂಜಿನ್ನು ಕೂರಿಸಿ, ಬಿಲ್ಲೆಗಳನ್ನು ಅಂಟಿಸಿ, ಪಟ್ಟೆ ಬಳಿದು ನಿಲ್ಲಿಸಿದರೆ ಕಣ್ಣಿಗೆ ಭೇದ ತಿಳಿಯುವುದೇ ಇಲ್ಲ. ನಕಲು ಎಂದು ಹೇಳಿಯೇ ಮಾರಿದರೆ ಅದರಲ್ಲಿ ದೋಷವಿಲ್ಲ. ಓಡಿಸುವ ಸುಖಕ್ಕೆ ನಕಲೂ ಸಾಕು. ಮುಚ್ಚಿಟ್ಟು ಮಾರಿದರೆ ಮಾತ್ರ ಕೊಂಡವನು ಬಂಗಾರದ ಬೆಲೆಗೆ ಹಿತ್ತಾಳೆ ಹೊತ್ತುಕೊಂಡಂತೆ.

ಆದಕಾರಣ ಬಲ್ಲವರು ಬಾನೆಟ್ಟಿನ ಹೊಳಪನ್ನು ನೋಡುವ ಮೊದಲು ಸಂಖ್ಯೆಗಳನ್ನು ಓದುತ್ತಾರೆ. ಎಂಜಿನ್ನಿನ ಮೇಲೆ ಕೊರೆದ ಸಂಖ್ಯೆ ಚಾಸಿಯ ಸಂಖ್ಯೆಯೊಂದಿಗೆ ಕೂಡಿಬರುತ್ತದೆಯೇ? ಎರಕದ ಮೇಲಿನ ದಿನಾಂಕವು ಕಾರು ತಯಾರಾದ ದಿನಕ್ಕಿಂತ ಹಿಂದಿನದೇ? ಕ್ರೈಸ್ಲರ್ ಕಾರುಗಳ ಚಾಸಿ ಸಂಖ್ಯೆಯಲ್ಲಿ ಐದನೆಯ ಅಕ್ಷರ ಎಂಜಿನ್ನನ್ನು ಸೂಚಿಸುತ್ತದೆ. ಅಲ್ಲಿ ಆ ವರ್ಷದ ಹೆಮಿಯ ಗುರುತು ಇಲ್ಲದಿದ್ದರೆ ಅಂತಹ ಕಾರು ಹೆಮಿಯಾಗಿ ಹುಟ್ಟಿದ್ದಲ್ಲ. ಕಾರ್ಖಾನೆಯಲ್ಲಿ ಜೋಡಣೆಗಾರರಿಗೆ ಕೊಡುತ್ತಿದ್ದ ಹಾಳೆಯೊಂದು ಎಷ್ಟೋ ಸಲ ಆಸನದ ಸ್ಪ್ರಿಂಗುಗಳ ನಡುವೆ ಮಡಿಚಿಕೊಂಡು ಉಳಿದಿರುತ್ತದೆ. ಇಲಿ ಕಡಿದ ಆ ಹಾಳೆ ಸಿಕ್ಕಿದರೆ ಸಂಗ್ರಾಹಕನಿಗೆ ನಿಧಿ ಸಿಕ್ಕಿದಷ್ಟು ಸಂತೋಷ. ಹಾಗೆಂದು ಕಾಗದವೂ ಸುಳ್ಳು ಹೇಳಲಾರದೆನ್ನುವಂತಿಲ್ಲ. ಸಂಖ್ಯೆಯನ್ನು ಉಜ್ಜಿ ಮತ್ತೊಂದನ್ನು ಕೊರೆಯುವವರೂ, ಹಾಳೆಯನ್ನು ಹೊಸದಾಗಿ ಅಚ್ಚು ಮಾಡಿ ಚಹಾದ ನೀರಿನಲ್ಲಿ ಅದ್ದಿ ಹಳತಾಗಿಸುವವರೂ ಇರುವ ಲೋಕವಿದು. ಚಾಸಿ ಸಂಖ್ಯೆಯನ್ನು ತಿದ್ದುವುದು ಅಮೆರಿಕದಲ್ಲಿ ಜೈಲುಶಿಕ್ಷೆಗೆ ಗುರಿಯಾಗುವ ಅಪರಾಧ. ಕಳವಿನ ಕಾರೆಂದು ತಿಳಿದುಬಂದರೆ ಹಣ ಕೊಟ್ಟವನು ಕಾರನ್ನೂ ಕಳೆದುಕೊಳ್ಳುವ ಸಂಭವವುಂಟು.

ಹರಾಜಿನ ಮನೆಯಾದರೋ 'ಇದ್ದಲ್ಲಿ ಇದ್ದಂತೆ' ಎಂಬ ಕರಾರಿನ ಮೇಲೆ ಮಾರುತ್ತದೆ. ಸುತ್ತಿಗೆ ಬಿದ್ದ ಮೇಲೆ ಗೇರುಪೆಟ್ಟಿಗೆ ಕಚ್ಚಿದರೂ, ತಗಡಿನ ಅಡಿಯಲ್ಲಿ ತುಕ್ಕು ಕಂಡರೂ ಕೇಳುವಂತಿಲ್ಲ. ವೇದಿಕೆಗೆ ಬಂದ ಕಾರು ಅಲ್ಲಿ ನಿಲ್ಲುವುದು ಕೆಲವೇ ನಿಮಿಷ. ಅಷ್ಟರಲ್ಲಿ ಪಕ್ಕದಲ್ಲಿ ನಿಂತ ಸಹಾಯಕ 'ಇನ್ನೊಂದು ಕೂಗು' ಎಂದು ಹುರಿದುಂಬಿಸುತ್ತಾನೆ. ಎದುರಾಳಿ ಟೆಲಿಫೋನಿನ ಆಚೆ ಇರುತ್ತಾನೆ, ಕಣ್ಣಿಗೆ ಕಾಣುವುದಿಲ್ಲ. ಮಾರುವವನು ಮುಚ್ಚಿಟ್ಟ ಕನಿಷ್ಠ ಬೆಲೆ ಮುಟ್ಟುವ ತನಕ ಅವನ ಪರವಾಗಿ ಹರಾಜುಗಾರನೇ ಸವಾಲು ಕೂಗುವುದಕ್ಕೂ ಹಲವೆಡೆ ಅವಕಾಶವಿದೆ. ಗೆದ್ದವನು ಕೂಗಿದ ಬೆಲೆಯ ಮೇಲೆ ನೂರಕ್ಕೆ ಹತ್ತರಷ್ಟು ಕಮಿಷನ್ ತೆರಬೇಕಾಗುವುದು ಸಾಮಾನ್ಯ. ಸಾಗಾಣಿಕೆ, ತೆರಿಗೆ, ವಿಮೆ ಬೇರೆ.

ಇಂತಹ ಗದ್ದಲದಲ್ಲಿ ಕಿವಿಯೂ ಮೋಸ ಮಾಡುವುದುಂಟು. 2019ರ ಆಗಸ್ಟಿನಲ್ಲಿ ಕ್ಯಾಲಿಫೋರ್ನಿಯದ ಮಾಂಟರೆಯಲ್ಲಿ ಆರ್.ಎಂ. ಸದಬೀಸ್ ಸಂಸ್ಥೆಯು 1939ರ ಪೋರ್ಷೆ ಟೈಪ್ 64 ಕಾರನ್ನು ಹರಾಜಿಗಿಟ್ಟಿತು. ಹರಾಜುಗಾರ 'ಥರ್ಟೀನ್' ಮಿಲಿಯನ್ ಎಂದದ್ದು ಪರದೆಯ ಮೇಲೆ 'ಥರ್ಟಿ' ಎಂದು ಮೂಡಿತು. ಸಭೆ ಹರ್ಷೋದ್ಗಾರ ಮಾಡಿತು. ಅಂಕಿ ಏರುತ್ತ ಏರುತ್ತ 70 ಮಿಲಿಯನ್ ಡಾಲರು ಮುಟ್ಟಿದಾಗ ಹರಾಜುಗಾರನು ತಾನು ಹೇಳಿದ್ದು 17 ಎಂದು ತಿದ್ದಿದನು. ಹರ್ಷ ಧಿಕ್ಕಾರವಾಯಿತು, ಕಾರು ಮಾರಾಟವಾಗಲೇ ಇಲ್ಲ.

ಬೆಲೆ ಏರುತ್ತಲೇ ಹೋಗುವುದೆಂಬ ನಂಬಿಕೆಯೂ ಅಷ್ಟೇ ಅಸ್ಥಿರ. 2006ರ ಆಸುಪಾಸಿನಲ್ಲಿ ಪೈಲ್ವಾನ ಕಾರುಗಳ ಬೆಲೆ ಗಗನಕ್ಕೇರಿತ್ತು. ಹಲವರು ಸಾಲ ಮಾಡಿಯೂ ಕೊಂಡರು. 2008ರ ಆರ್ಥಿಕ ಕುಸಿತ ಬಂದಾಗ ಮೊದಲು ಬಿದ್ದ ಸರಕುಗಳಲ್ಲಿ ಇವೂ ಸೇರಿದ್ದವು. 2021ರಲ್ಲಿ ಅದೇ ಬಗೆಯ ಮತ್ತೊಂದು ಹೆಮಿ ಕೂಡಾ 48 ಲಕ್ಷ ಡಾಲರಿನ ಕೂಗನ್ನು ಕಂಡರೂ ಒಡೆಯನ ಮನಸ್ಸಿಗೆ ಬಾರದೆ ಹಿಂದಿರುಗಿತು. ಯೌವನದಲ್ಲಿ ಈ ಕಾರುಗಳನ್ನು ಕಂಡು ಆಸೆಪಟ್ಟವರು ಈಗ ಮುದುಕರು. ಅವರ ಮೊಮ್ಮಕ್ಕಳಿಗೂ ಅದೇ ಆಸೆ ಇದ್ದೀತೇ ಎಂಬುದೇ ವ್ಯಾಪಾರಿಗಳ ಚಿಂತೆ.

ಸಂಗ್ರಾಹಕರ ಹರಾಜಿನ ಬಿಸಿ ಕನ್ನಡ ನಾಡಿಗೂ ತಾಗದೆ ಇಲ್ಲ. ಟಿಪ್ಪು ಸುಲ್ತಾನನ ಶಯನಾಗಾರದ ಖಡ್ಗವನ್ನು 2023ರ ಮೇ 23ರಂದು ಲಂಡನ್ನಿನ ಬಾನ್ಹಮ್ಸ್ ಸಂಸ್ಥೆ ಹರಾಜು ಮಾಡಿದಾಗ, 15ರಿಂದ 20 ಲಕ್ಷ ಪೌಂಡ್ ಎಂಬ ಅಂದಾಜನ್ನು ದಾಟಿ ಬೆಲೆ 1 ಕೋಟಿ 40 ಲಕ್ಷ ಪೌಂಡಿಗೆ ಏರಿತು. ಖಡ್ಗವಿರಲಿ, ಕಾರಿರಲಿ, ಯಾರ ಕೈಯಿಂದ ಯಾರ ಕೈಗೆ ಬಂದಿತೆಂಬ ದಾಖಲೆಯೇ ಬೆಲೆಯ ಬೇರು.

ಕಾರಿನ ವಿಷಯಕ್ಕೇ ಬಂದರೆ, ಅಮೆರಿಕದ ಪ್ಲಿಮತ್, ಡಾಡ್ಜ್ ಹೆಸರುಗಳು ಇಲ್ಲಿಯ ಹಿರಿಯರಿಗೆ ಅಪರಿಚಿತವಲ್ಲ. ಮುಂಬಯಿಯ ಕುರ್ಲಾದಲ್ಲಿ ಪ್ರೀಮಿಯರ್ ಸಂಸ್ಥೆಯು 1940ರ ದಶಕದ ಕೊನೆಯಿಂದ ಅವನ್ನು ಜೋಡಿಸಿ ಮಾರುತ್ತಿತ್ತು. ಆಮದಿಗೆ ಕಡಿವಾಣ ಬಿದ್ದ ಮೇಲೆ ವಿದೇಶಿ ರಾಯಭಾರಿಗಳು ಬಿಟ್ಟುಹೋದ ಕಾರುಗಳನ್ನು ಸ್ಟೇಟ್ ಟ್ರೇಡಿಂಗ್ ಕಾರ್ಪೊರೇಷನ್ ಹರಾಜಿನಲ್ಲಿ ಮಾರುತ್ತಿದ್ದುದೇ ಸಿರಿವಂತರಿಗೆ ಉಳಿದ ದಾರಿ. 1973ರ ಬಳಿಕ ಪೆಟ್ರೋಲು ತುಟ್ಟಿಯಾದಾಗ ಇಂತಹ ಎಷ್ಟೋ ಶೆವರ್ಲೆ, ಡಾಡ್ಜ್ ಕಾರುಗಳ ಮೂಲ ಎಂಜಿನ್ನನ್ನು ಕಿತ್ತು ಪರ್ಕಿನ್ಸ್ ಅಥವಾ ಮೆಟಡೋರ್ ಡೀಸೆಲ್ ಎಂಜಿನ್ನನ್ನು ಕೂರಿಸಿದರು. ಅಂದು ಅದು ಬುದ್ಧಿವಂತಿಕೆಯೇ ಆಗಿತ್ತು. ಇಂದು ಸಂಗ್ರಾಹಕನ ಕಣ್ಣಿಗೆ ಆ ಕಾರು ಅಂಗಹೀನ. ಧರ್ಮಸ್ಥಳದ ಕಾರು ಸಂಗ್ರಹಾಲಯದಲ್ಲಿಯೂ, ಶ್ರೀರಂಗಪಟ್ಟಣದ ಸಮೀಪ ವೀರೇಂದ್ರ ಹೆಗ್ಗಡೆಯವರು ಏರ್ಪಡಿಸಿದ 'ಪಯಣ' ಸಂಗ್ರಹಾಲಯದಲ್ಲಿಯೂ ಹಳೆಯ ವಾಹನಗಳನ್ನು ಜೋಪಾನ ಮಾಡಿರುವುದನ್ನು ಮಕ್ಕಳೊಡನೆ ಹೋಗಿ ನೋಡಿಬರಬಹುದು. ಮೂಲ ರೂಪ ಎಂದರೇನೆಂಬುದು ಪುಸ್ತಕಕ್ಕಿಂತ ಅಲ್ಲಿ ಬೇಗ ತಿಳಿಯುತ್ತದೆ.

ಭಾರತ ಸರಕಾರವು 2021ರ ಜುಲೈಯಲ್ಲಿ ಹಳೆಯ ವಾಹನಗಳಿಗೆ ಪ್ರತ್ಯೇಕ ನಿಯಮಗಳನ್ನು ಪ್ರಕಟಿಸಿತು. 50 ವರ್ಷ ಮೀರಿದ, ಮೂಲ ರೂಪದಲ್ಲಿಯೇ ಉಳಿದ ದ್ವಿಚಕ್ರ, ಚತುಶ್ಚಕ್ರ ವಾಹನಗಳಿಗೆ 'ವಿಂಟೇಜ್' ನೋಂದಣಿ ದೊರೆಯುತ್ತದೆ. ಚಾಸಿ, ಕವಚ, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಟು ಆಗಿದ್ದರೆ ಇಲ್ಲ. ಹೊಸ ನೋಂದಣಿಗೆ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ ಎಂದು ಶುಲ್ಕ ಗೊತ್ತುಮಾಡಿ, ಪ್ರಮಾಣಪತ್ರಕ್ಕೆ 10 ವರ್ಷಗಳ ಅವಧಿ ಕೊಡಲಾಯಿತು. ಹೊಸ ಸಂಖ್ಯೆಯಲ್ಲಿ ರಾಜ್ಯದ ಅಕ್ಷರಗಳ ಬಳಿಕ 'ವಿ.ಎ.' ಎಂದಿರುತ್ತದೆ, ಹಿಂದೆಯೇ ನೋಂದಣಿಯಾದ ವಾಹನಗಳು ತಮ್ಮ ಹಳೆಯ ಸಂಖ್ಯೆಯನ್ನೇ ಉಳಿಸಿಕೊಳ್ಳಬಹುದು. ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಾಗಿ ಹೊರತು ದಿನನಿತ್ಯ ಓಡಿಸುವಂತಿಲ್ಲ, ಬಾಡಿಗೆಗೆ ಬಿಡುವಂತಿಲ್ಲ. ಅಮೆರಿಕದಲ್ಲಿ ನೆಲೆಸಿದ ಮಗನೋ ಅಳಿಯನೋ ಅಲ್ಲಿಯ ಹರಾಜಿನಲ್ಲಿ ಕಾರು ಹಿಡಿದು ಊರಿಗೆ ಕಳುಹಿಸುವ ಉತ್ಸಾಹ ತೋರಿದರೆ, ಬಹುಕಾಲ 1950ಕ್ಕೆ ಹಿಂದಿನ ಕಾರುಗಳಿಗಷ್ಟೇ ಆಮದಿನ ಬಾಗಿಲು ತೆರೆದಿತ್ತೆಂಬುದನ್ನು ನೆನಪಿಸಬೇಕು. ನಿಯಮಗಳು ಬದಲಾಗುತ್ತಿರುವುದರಿಂದ ಆ ದಿನದ ಅಧಿಸೂಚನೆಯನ್ನು ಓದದೆ ಸವಾಲು ಕೂಗುವುದು ಹುಚ್ಚುತನ. ಸುಂಕದ ಮೊತ್ತ ಕಾರಿನ ಬೆಲೆಯನ್ನೇ ಮೀರಬಹುದು.

ಇನ್ನು ತಾತನ ಕಾಲದ ಫಿಯೆಟ್ಟೋ ಡಾಡ್ಜೋ ಹಿತ್ತಲಿನ ಶೆಡ್ಡಿನಲ್ಲಿ ನಿಂತಿರುವ ಮನೆಗಳ ಮಾತು. ಇಂತಹ ಮನೆಗಳಿಗೆ ವ್ಯಾಪಾರಿಗಳು ಬಂದು, 'ತುಕ್ಕು ಹಿಡಿದ ತಗಡು, ತೂಕಕ್ಕೆ ಕೊಟ್ಟುಬಿಡಿ' ಎನ್ನುವುದುಂಟು. ಅವಸರದಿಂದ ಕೊಡಬಾರದು; ಅವಸರದಿಂದ ಬಣ್ಣ ಹೊಡೆಸಲೂ ಬಾರದು. ಮೊದಲು ಆರ್.ಸಿ. ಪುಸ್ತಕ ಯಾರ ಹೆಸರಿನಲ್ಲಿದೆಯೆಂದು ನೋಡಿ, ತೀರಿಹೋದವರ ಹೆಸರಿನಲ್ಲಿದ್ದರೆ ವಾರಸುದಾರರ ಹೆಸರಿಗೆ ವರ್ಗಾಯಿಸಿಕೊಳ್ಳಬೇಕು. ಹಳೆಯ ತೆರಿಗೆ ರಶೀದಿ, ವಿಮೆಯ ಕಾಗದ, ಮದುವೆಯ ದಿನ ಕಾರಿನ ಮುಂದೆ ನಿಂತು ತೆಗೆಸಿದ ಫೋಟೋ ಎಲ್ಲವನ್ನೂ ಒಂದೆಡೆ ಕಟ್ಟಿಡಬೇಕು. ಡೀಸೆಲ್ ಎಂಜಿನ್ನು ಹಾಕಿಸಿದಾಗ ಬಿಚ್ಚಿದ ಮೂಲ ಎಂಜಿನ್ನು ಗುಜರಿಗೆ ಹೋಗದೆ ಕೊಟ್ಟಿಗೆಯ ಮೂಲೆಯಲ್ಲಿಯೋ ಪರಿಚಯದ ಗ್ಯಾರೇಜಿನಲ್ಲಿಯೋ ಬಿದ್ದಿದ್ದರೆ, ಅದರ ಮೇಲಿನ ಮಣ್ಣು ಒರೆಸಿ, ಅಲ್ಲಿ ಕೊರೆದ ಸಂಖ್ಯೆಯನ್ನು ಆರ್.ಸಿ. ಪುಸ್ತಕದೊಂದಿಗೆ ತಾಳೆ ನೋಡಬೇಕು.