ಸೀಜ್ ಆದ ಕಾರು, ಒಳಗೆ ಉಳಿದ ಸಾಮಾನು

ಕಂತು ಬಾಕಿ ಬಿದ್ದ ಕಾರನ್ನು ಬ್ಯಾಂಕ್ ಅಥವಾ ಫೈನಾನ್ಸ್ ಕಂಪನಿ ವಶಕ್ಕೆ ಪಡೆಯುವುದನ್ನು ಆಡುಮಾತಿನಲ್ಲಿ ‘ಗಾಡಿ ಸೀಜ್’ ಎನ್ನುತ್ತಾರೆ. ಕಾರಿನೊಂದಿಗೆ ಡಿಕ್ಕಿಯಲ್ಲಿದ್ದ ಬಟ್ಟೆಚೀಲ, ಹಿಂದಿನ ಸೀಟಿನ ಲ್ಯಾಪ್‌ಟಾಪ್, ಡ್ಯಾಶ್‌ಬೋರ್ಡಿನಲ್ಲಿ ಇಟ್ಟು ಮರೆತ ಪಹಣಿ, ಚೆಕ್‌ಬುಕ್ ಎಲ್ಲವೂ ಯಾರ್ಡ್ ಸೇರುತ್ತವೆ. ಆದರೆ ಸಾಲ ಕೊಟ್ಟ ಸಂಸ್ಥೆಗೆ ಹಕ್ಕು ಇರುವುದು ಕಾರಿನ ಮೇಲೆ. ಒಳಗಿನ ಸಾಮಾನಿನ ಮೇಲಲ್ಲ.

ವಾಹನ ಸಾಲದಲ್ಲಿ ಕಾರು ಸಾಲ ಪಡೆದವರ ಬಳಿಯೇ ಓಡಾಡಿಕೊಂಡಿದ್ದು, ಸಾಲದ ಭದ್ರತೆಯಾಗಿಯೂ ಇರುತ್ತದೆ. ಇದೇ ಹೈಪಾಥಿಕೇಶನ್. 1988ರ ಮೋಟಾರು ವಾಹನ ಕಾಯ್ದೆಯ 51ನೇ ಕಲಮಿನಂತೆ ಇದನ್ನು ಆರ್‌ಸಿಯಲ್ಲಿ ನಮೂದಿಸಲಾಗುತ್ತದೆ. ಭದ್ರತೆಯಾಗಿ ಬರೆದುಕೊಟ್ಟದ್ದು ವಾಹನವನ್ನಷ್ಟೇ ಆದ್ದರಿಂದ ಬಿಡಿ ವಸ್ತುಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಗೊಂದಲ ಹುಟ್ಟುವುದು ಕಾರಿಗೆ ಜೋಡಿಸಿದ ವಸ್ತುಗಳಲ್ಲಿ. ಹೊಸದಾಗಿ ಹಾಕಿಸಿದ ಸ್ಟೀರಿಯೊ, ಸಿಎನ್‌ಜಿ ಕಿಟ್, ಮೇಲಿನ ಕ್ಯಾರಿಯರ್ ಮುಂತಾದವನ್ನು ಅನೇಕ ಕರಾರುಗಳು ವಾಹನದ ಭಾಗವೆಂದೇ ಪರಿಗಣಿಸುತ್ತವೆ. ಹಾಗಾಗಿ ಇವನ್ನು ಕೇಳುವ ಮೊದಲು ಸಾಲದ ಕರಾರನ್ನು ಓದಬೇಕು. ಸ್ಟೆಪ್ನಿ, ಜಾಕ್ ಕಾರಿನೊಂದಿಗೇ ಹೋಗುತ್ತವೆ.

ಕಂತು ತಪ್ಪಿದ ಮಾತ್ರಕ್ಕೆ ರಸ್ತೆಯಲ್ಲಿ ಅಡ್ಡಗಟ್ಟಿ ಬಲವಂತದಿಂದ ಕಾರು ಕಸಿದುಕೊಳ್ಳುವಂತಿಲ್ಲ. ವಸೂಲಿಗೆ ತೋಳ್ಬಲದವರನ್ನು ಬಳಸುವುದನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಖಂಡಿಸಿತು. ವಶಕ್ಕೆ ಪಡೆಯುವ ಮೊದಲು ಕೊಡಬೇಕಾದ ನೋಟಿಸಿನ ಅವಧಿ, ವಶಕ್ಕೆ ಪಡೆಯುವ ಕ್ರಮ, ಮಾರುವ ಮುನ್ನ ಬಾಕಿ ತೀರಿಸಲು ಕೊನೆಯ ಅವಕಾಶ ಇವೆಲ್ಲ ಕರಾರಿನಲ್ಲೇ ಇರಬೇಕೆಂದು ರಿಸರ್ವ್ ಬ್ಯಾಂಕ್ 2008ರಲ್ಲಿ ಬ್ಯಾಂಕುಗಳಿಗೆ ಸೂಚಿಸಿತು. ಸಾಲ ವಸೂಲಿಗೆ ಸಂಬಂಧಿಸಿದ 2002ರ ಸರ್ಫೇಸಿ ಕಾಯ್ದೆಯಡಿ ವಶಪಡಿಸಿಕೊಂಡರೆ ಇಬ್ಬರು ಸಾಕ್ಷಿಗಳ ಎದುರು ಪಂಚನಾಮೆ ಮಾಡಬೇಕು. ವಶಪಡಿಸಿಕೊಂಡದ್ದರ ಪಟ್ಟಿಯ ಪ್ರತಿಯನ್ನು ಸಾಲ ಪಡೆದವರಿಗೆ ಕೊಡಬೇಕು.

ಸಾಮಾನಿನ ವಿಷಯದಲ್ಲಿ ಎಲ್ಲಕ್ಕಿಂತ ಮುಖ್ಯವಾದುದು ಈ ಪಟ್ಟಿಯೇ. ಕಾರು ಒಯ್ಯುವಾಗ ಮಾಲೀಕರು ಸ್ಥಳದಲ್ಲಿದ್ದರೆ ಬಂದವರ ಗುರುತಿನ ಚೀಟಿ ಮತ್ತು ಅಧಿಕಾರಪತ್ರ ನೋಡಿ, ತಮ್ಮ ವಸ್ತುಗಳನ್ನು ಅಲ್ಲೇ ಇಳಿಸಿಕೊಳ್ಳುವುದು ಸುಲಭದ ದಾರಿ. ಉಳಿದದ್ದರ ಫೋಟೊ ತೆಗೆಯಬೇಕು. ಪಟ್ಟಿಯಲ್ಲಿ ಬರೆಯದ ವಸ್ತುವನ್ನು ಬರೆಸದೆ ಸಹಿ ಹಾಕಬಾರದು. ‘ಒಳಗೆ ಏನೂ ಇಲ್ಲ’ ಎಂಬ ಸಾಲಿಗೆ ಹಾಕಿದ ಸಹಿ ಮುಂದೆ ಸಹಿ ಹಾಕಿದವರ ವಿರುದ್ಧದ ಸಾಕ್ಷ್ಯವಾಗುತ್ತದೆ.

ಮಾಲೀಕರಿಲ್ಲದಾಗ ಕಾರು ಹೋಗಿದ್ದರೆ, ಅದು ಯಾವ ಯಾರ್ಡಿನಲ್ಲಿದೆ ಎಂದು ಸಾಲದ ಶಾಖೆಯಿಂದ ತಿಳಿದುಕೊಂಡು ತಡಮಾಡದೆ ಬರವಣಿಗೆಯಲ್ಲಿ ಕೇಳಬೇಕು. ಸಾಲದ ಖಾತೆ ಸಂಖ್ಯೆ, ವಾಹನದ ಸಂಖ್ಯೆ, ಒಂದೊಂದು ವಸ್ತುವಿನ ವಿವರ, ಅದು ಕಾರಿನಲ್ಲಿ ಎಲ್ಲಿತ್ತು ಎಂಬುದು ಪತ್ರದಲ್ಲಿರಲಿ. ಬಿಲ್ ಇದ್ದರೆ ಪ್ರತಿ ಲಗತ್ತಿಸಬೇಕು. ಇಮೇಲ್ ಅಥವಾ ಸ್ಪೀಡ್ ಪೋಸ್ಟಿನಲ್ಲಿ ಕಳಿಸಿದರೆ ದಾಖಲೆ ಉಳಿಯುತ್ತದೆ. ಯಾರ್ಡಿಗೆ ಹೋಗುವಾಗ ಗುರುತಿನ ಚೀಟಿಯ ಜೊತೆಗೆ ಶಾಖೆಯ ಅನುಮತಿ ಪತ್ರವೂ ಇರುವುದು ಒಳ್ಳೆಯದು. ಪಡೆದ ವಸ್ತುಗಳಿಗೆ ಮಾತ್ರ ಸ್ವೀಕೃತಿ ಬರೆದುಕೊಟ್ಟು, ಸಿಗದವನ್ನು ಅದರಲ್ಲೇ ನಮೂದಿಸಬೇಕು.

ಕಣ್ಣಿಗೆ ಕಾಣದ ಸಾಮಾನೂ ಇರುತ್ತದೆ. ಕಾರಿನ ಪರದೆಯಲ್ಲಿ ಉಳಿದ ಫೋನ್ ನಂಬರುಗಳನ್ನು, ಮನೆಯ ವಿಳಾಸವನ್ನು ಅಳಿಸಬೇಕು. ಫಾಸ್ಟ್ಯಾಗ್ ಖಾತೆ ಚಾಲ್ತಿಯಲ್ಲಿದ್ದರೆ ಬೇರೆಯವರು ಕಾರು ಓಡಿಸಿದಾಗಲೂ ಟೋಲ್ ಹಣ ಕಡಿತವಾಗುವುದರಿಂದ ಅದನ್ನೂ ನಿಲ್ಲಿಸಬೇಕು.

‘ಬಾಕಿ ಕಟ್ಟಿ, ಆಮೇಲೆ ಸಾಮಾನು ಒಯ್ಯಿರಿ’ ಎಂದರೆ ಒಪ್ಪಬೇಕಿಲ್ಲ. ಬಾಕಿಗೆ ಭದ್ರತೆಯಾಗಿರುವುದು ವಾಹನ. ಮೊದಲು ಸಂಸ್ಥೆಯ ಕುಂದುಕೊರತೆ ಅಧಿಕಾರಿಗೆ ದೂರು ಕೊಡಬೇಕು. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ರಿಸರ್ವ್ ಬ್ಯಾಂಕಿನ ಒಂಬುಡ್ಸ್‌ಮನ್‌ಗೆ ಶುಲ್ಕವಿಲ್ಲದೆ ದೂರು ಸಲ್ಲಿಸಬಹುದು. ಸೇವಾ ನ್ಯೂನತೆ ಎಂದು ಗ್ರಾಹಕ ಆಯೋಗಕ್ಕೆ ಹೋಗಲು ಎರಡು ವರ್ಷಗಳ ಕಾಲಾವಕಾಶವಿದೆ. ಯಾರಾದರೂ ಅಪ್ರಾಮಾಣಿಕವಾಗಿ ವಸ್ತುವನ್ನು ತಮ್ಮದಾಗಿಸಿಕೊಂಡರೆ ಪೊಲೀಸ್ ದೂರಿಗೂ ಆಸ್ಪದವಿದೆ. ಭಾರತೀಯ ನ್ಯಾಯ ಸಂಹಿತೆಯ 314ನೇ ಕಲಮು ಇಂಥ ದುರುಪಯೋಗವನ್ನು ಅಪರಾಧವೆನ್ನುತ್ತದೆ.

ಇದೆಲ್ಲ ಕಾರು ಹರಾಜಾಗುವ ಮೊದಲೇ ನಡೆಯಬೇಕು. ಹರಾಜಾದ ಮೇಲೆ ಕಾರು ಯಾರ್ಡಿನಿಂದ ಹೊರಬೀಳುತ್ತದೆ, ಒಳಗಿದ್ದ ವಸ್ತುಗಳ ಜಾಡು ತಪ್ಪುತ್ತದೆ. ಆಗ ಕೇಳಲು ಉಳಿಯುವುದು ಪರಿಹಾರ ಮಾತ್ರ. ಅದಕ್ಕೂ ಆಧಾರ ಅದೇ ಪಟ್ಟಿ, ಅದೇ ಫೋಟೊ, ಅದೇ ಬಿಲ್.